ಕೊಟ್ಟಿಗೇಲಿ ಕೆಂದಿ ಕೊಟ್ಟ ತೀರ್ಪು

ದುದ್ದ
ಗುರುವಾರ

ಲೇ ಚಂದ್ರಮೌಳಿ,

ಚೆನ್ನಾಗಿದೀಯಾ ಅಂತ ಕೇಳಲ್ಲ. ಚೆನ್ನಾಗೇ ಇರ್ತೀಯ. ಫೋನ್ನಾಗೆ ನಿನ್ನ ಬ್ಲಾಕ್ ಮಾಡಿವ್ನಿ, ತೆಗೆಯಲ್ಲ. ಅದ್ಕೇ ಈ ಕಾಗದ. ಒಂಬತ್ತನೇ ಕ್ಲಾಸಿಗೇ ಇಸ್ಕೂಲ್ ಬಿಟ್ಟವ್ನ ಬರವಣಿಗೆ, ತಪ್ಪಿದ್ರೆ ಮುಚ್ಕಂಡು ಓದು.

ಮೊದ್ಲು ಬ್ಯಾಂಡ್ ವಿಚಾರ. ಅಮೆರಿಕಾದ ರಾಕ್ ಬ್ಯಾಂಡ್‌ಗಳಲ್ಲೆಲ್ಲಾ ದೊಡ್ಡದು ಮೆಟಾಲಿಕಾ ಅಂತ ನೀನು, ಕ್ರೀಡೆನ್ಸ್ ಅಂತ ನಾನು. ಕಾಂತರಾಜು ಟೀ ಅಂಗಡೀಲಿ ಎಲ್ಲರ ಮುಂದೆ ನೀನು ಏನಂದೆ? ಇಂಗ್ಲಿಷೇ ಬರದವ್ನಿಗೆ ರಾಕ್ ಏನ್ ಗೊತ್ತಾಯ್ತದ್ಲಾ ಅಂದೆ. ಡ್ರಮ್ ಯಾವ ಭಾಷೇಲಿ ಹೊಡೀತಾರೋ ಹೇಳ್ಲಾ ಅಂದೆ ನಾನು. ಇಬ್ರೂ ಮೊದ್ಲು ಲೋಟ ಖಾಲಿ ಮಾಡಿ ಕೊಡ್ರಲಾ ಅಂದ ಕಾಂತರಾಜು.

ಕ್ರೀಡೆನ್ಸ್‌ನೋರು ಹೊಳೆ, ಜೌಗು ಅಂತ ಹಾಡ್ತಾರೆ, ಆ ಸೀಮೆಯೋರೇ ಅಲ್ಲ, ಕ್ಯಾಲಿಫೋರ್ನಿಯಾದೋರು, ಬರೀ ಬುರುಡೆ ಅಂದೆ ನೀನು. ಅದ್ಕೇನೀಗ? ನೀನು ಕಟ್ಟಾಯದಾಗೆ ಅಪ್ಪನ ಗೊಬ್ಬರದಂಗಡೀಲಿ ಕುಂತು, ಕಪ್ಪು ಟೀಶರ್ಟ್ ಆಕ್ಕಂಡು ತಲೆ ಕೊಡವ್ತೀಯಲ್ಲ, ಅದು ನಿಜವಾ? ಕ್ರೀಡೆನ್ಸ್‌ನೋರು ಎರಡೂವರೆ ನಿಮಿಷಕ್ಕೆ ಹೇಳೋದ್ ಹೇಳಿ ಎದ್ದು ಓಯ್ತಾರೆ. ನಿನ್ನೋರು ಎಂಟು ನಿಮಿಷ ಕೋಪ ಮಾಡ್ಕತಾರೆ. ಎಂಟು ನಿಮಿಷ ಇರೋದು ಕೋಪವೇ ಅಲ್ಲ.

ತೀರ್ಪು ನಮ್ಮ ಜೆರ್ಸಿ ಹಸ ಕೆಂದಿಗೆ ಬಿಡಾನ ಅಂದಿದ್ದು ಇಬ್ರೂವೆ. ಯಾರ ಹಾಡಿಗೆ ಅದು ನೆಟ್ಟಗೆ ನಿಂತು ಹಾಲು ಇಳಿಸ್ತದೋ ಅವ್ರೇ ದೊಡ್ಡೋರು. ಎರಡು ಕೋಣ ಸೇರ್ಕಂಡು ಹಸದ ತಾವ ನ್ಯಾಯ ಕೇಳ್ತವೆ ಅಂತ ನಮ್ಮಮ್ಮ ನಕ್ಕಳು.

ಮೊದಲ್ನೇ ದಿನ ಕ್ರೀಡೆನ್ಸ್. ಕೆಂದಿ ಮೆಲುಕು ಆಕ್ತಾ ನಿಂತಿತ್ತು, ಹಾಲೂ ಇಳಿಸ್ತು. ಮಾರನೇ ದಿನ ನಿಂದು. ನಮ್ಮ ಮನೇಲಿ ಹೊತ್ತು ಮುಳುಗೋಕ್ ಮುಂಚೆ ಊಟ ಅಂತ ಗೊತ್ತಿದ್ದೇ ನೀನು ಬೇಗ ಬಂದೆ. ಅಮ್ಮ ನಿಂಗೇ ಮೊದ್ಲು ಬಡಿಸಿದ್ಳು. ಆಮೇಲೆ ಕೊಟ್ಟಿಗೆ. ಗಿಟಾರ್ ಮೆಲ್ಲಗೆ ಶುರುವಾಯ್ತು, ಹಸ ಸುಮ್ಕೆ ನಿಂತಿತ್ತು. ಪರವಾಗಿಲ್ವಲ್ಲ ಅಂತ ಅಮ್ಮನೂ ಅಂದ್ಳು. ಗೆದ್ದೆ ಅಂತ ನಿಂಗೆ ಸೊಕ್ಕು. ಡ್ರಮ್ ಬರೋ ಹೊತ್ಗೆ ನಿನ್ನ ಸ್ಪೀಕರ್ ಸೌಂಡ್ ಪೂರ್ತಿ ಏರಿಸ್ದೆ. ಕೆಂದಿ ಒದೀತು. ಹಾಲು ಕರೀತಿದ್ದ ಅಮ್ಮ ಪಕ್ಕದ ನೀರಿನ ಕಲ್ಬಾನಿ ಮೇಲೆ ಬಿದ್ಲು. ಮಣಿಕಟ್ಟು ಮುರೀತು.

ಅದ್ಕೆ ಕೋಪ ಇಲ್ಲ ಕಣ್ಲಾ. ಹಸ ಅಂದ್ಮೇಲೆ ಒದೀತದೆ. ನೀನು ಮೊದ್ಲು ಓಡಿದ್ದು ನಿನ್ನ ಸ್ಪೀಕರ್ ತಾವಕ್ಕೆ, ಅಮ್ಮನ ತಾವಕ್ಕಲ್ಲ. ಅದನ್ನ ಎದೆಗೆ ಅವುಚ್ಕಂಡು ನಿಂತಿದ್ದೆ. ಆಮೇಲೆ ಆಟೋ ತಂದೆ, ಇಲ್ಲ ಅನ್ನಲ್ಲ. ಆಸ್ಪತ್ರೆ ಬಾಗಿಲಲ್ಲೇ ನಿಂತು ಅಂಗೇ ಓಗ್ಬುಟ್ಟೆ. ಅವತ್ತಿಂದ ಈ ಕಡೆ ತಲೆ ಆಕಿಲ್ಲ.

ಸೌಂಡ್ ನಿಲ್ಲಿಸ್ದೆ ಇದ್ದಿದ್ರೆ ಕೆಂದಿ ನನ್ನ ತುಳ್ದೇಬುಡೋದು, ಚಂದ್ರ ಅದ್ಕೇ ಓಡ್ದ ಅಂತ ಅಮ್ಮ ದಿನಾ ನಿನ್ನ ಪರ ವಾದ ಮಾಡ್ತಾಳೆ. ಅಂಗಿದ್ರೆ ನೀನೇ ಬಂದು ಹೇಳ್ಬೇಕಿತ್ತು. ಬರ್ಲಿಲ್ಲ.

ಈಗ ಹಾಲು ನಾನೇ ಕರೀತೀನಿ. ಕೊಟ್ಟಿಗೇಲಿ ಯಾವ ಬ್ಯಾಂಡೂ ಇಲ್ಲ. ಆದ್ರೂ ತೀರ್ಪು ತಕ್ಕೋ: ಕ್ರೀಡೆನ್ಸೇ.

ಬರ್ಯೋಕೆ ಬ್ಯಾರೇನೂ ಇಲ್ಲ.

ಶ್ರೇಯಾಂಸ್

ಇನ್ನೊಂದು: ಸೋಮವಾರ ಹಾಸನದಾಗೆ ಅಮ್ಮನ ಕೈಕಟ್ಟು ಬಿಚ್ಚುತಾರೆ. ಚಂದ್ರ ಬಂದ್ರೇ ಬಸ್ ಅತ್ತೋದು, ಇಲ್ದಿದ್ರೆ ಕಟ್ಟು ಇಂಗೇ ಇರ್ಲಿ ಅಂತ ಹಟ ಇಡ್ದವ್ಳೆ. ಎಂಟು ಗಂಟೆ ಬಸ್ಸು. ಕರೀತಿರೋದು ಅಮ್ಮ, ನಾನಲ್ಲ. ಮೂರು ಜನ ಕುಂತ್ಕಳ್ಳೋ ಸೀಟ್ ಇಡ್ದಿರ್ತೀನಿ. ಕಿಟಕಿ ಅಮ್ಮಂದು, ಅದ್ಕೂ ಜಗಳ ತೆಗೀಬ್ಯಾಡ.