ಹೊಲಿಗೆ ಪಕ್ಕದ ಕರೆಂಟು

ಬೆಳಗಾವಿ, 12-9-1986

ಪ್ರೀತಿಯ ತಂಗಿ ಪದ್ಮಜಾಳಿಗೆ ಆಶೀರ್ವಾದಗಳು.

ಕಿಡ್ನಿಯ ಕಲ್ಲು ತೆಗೆದು ನಾಲ್ಕು ದಿನವಾಯಿತು. ನೋವಿನ ಇಂಜೆಕ್ಷನ್ ಕೊಟ್ಟಾಗಲೆಲ್ಲ ವಾಂತಿಯಾಗಿ ಹೊಲಿಗೆ ಜಗ್ಗುತ್ತಿತ್ತು. ಡಾಕ್ಟರು ಅದನ್ನು ನಿಲ್ಲಿಸಿ ಸಣ್ಣ ಯಂತ್ರವೊಂದನ್ನು ತರಿಸಿದರು. ಹೊಲಿಗೆಯ ಎರಡೂ ಬದಿಗೆ ಪಟ್ಟಿ ಅಂಟಿಸಿ ಕರೆಂಟು ಬಿಡುತ್ತಾರಂತೆ. ನಾನು ಒಲ್ಲೆನೆಂದೆ. ಲೈನ್‌ಮನ್ ಆಗಿದ್ದ ನಿನ್ನ ಭಾವ ಕಂಬದ ಮೇಲೆ ಕರೆಂಟು ಹೊಡೆದು ತೀರಿಕೊಂಡು ಇನ್ನೂ ಎರಡು ವರ್ಷವಾಗಿಲ್ಲವಲ್ಲ.

ನರ್ಸ್ ಕಾಶವ್ವ ಬಯ್ಯಲಿಲ್ಲ. ಪಟ್ಟಿಗಳನ್ನು ಮೊದಲು ತನ್ನ ಕೈಗೇ ಅಂಟಿಸಿಕೊಂಡು ತೋರಿಸಿದಳು. "ಇದು ಬ್ಯಾಟರಿದ್ದು ರೀ ಅಕ್ಕಾರ, ಇರುವಿ ಹರದಂಗ ಆಗತೈತಿ ಅಷ್ಟ. ಸಾಕನಿಸಿದ್ರ ನೀವ ಬಂದ್ ಮಾಡ್ರಿ," ಎಂದು ಪಟ್ಟಿಗಳನ್ನು ನನ್ನ ಹೊಲಿಗೆಯ ಬದಿಗೆ ಅಂಟಿಸಿ, ಡಬ್ಬಿಯನ್ನು ನನ್ನ ಕೈಗಿಟ್ಟಳು.

ಕಣ್ಣು ಮುಚ್ಚಿ ಗುಂಡಿ ತಿರುಗಿಸಿದೆ. ನೋವು ಪೂರ್ತಿ ಹೋಗಲಿಲ್ಲ, ಆದರೆ ಸ್ವಲ್ಪ ದೂರ ಸರಿಯಿತು. ಆಪರೇಷನ್ ಆದಮೇಲೆ ಮೊದಲ ಸಲ ಮಗ್ಗುಲು ಬದಲಿಸಿದೆ. ಆಮೇಲೆ ಯಾಕೋ ಬಹಳ ಹೊತ್ತು ಅತ್ತುಬಿಟ್ಟೆ. ಹೊಲಿಗೆ ನೋಯಲಿಲ್ಲ.

ಹೆಚ್ಚು ಬರೆಯಲು ಶಕ್ತಿಯಿಲ್ಲ. ಬರುವಾಗ ಮೆತ್ತನೆಯ ಹಳೆಯ ಸೀರೆಯೊಂದನ್ನು ತಾ. ಖಾನಾಪುರದಲ್ಲಿ ಅತ್ತೆಯವರು ಕೇಳಿದರೆ ನೋವು ಗುಳಿಗೆಯಿಂದ ಕಡಿಮೆಯಾಯಿತೆಂದು ಹೇಳು. ಮಗ ಹೋದಮೇಲೆ ಅವರು ದೀಪದ ಬಟನ್ನನ್ನೂ ಮುಟ್ಟಿಲ್ಲ. ಕರೆಂಟಿನ ವಿಷಯವನ್ನು ನಾನೇ ಬಂದು, ಅವರ ಬಾಜು ಕುಳಿತು ಹೇಳುತ್ತೇನೆ.

ನಿನ್ನ ಅಕ್ಕ,
ರತ್ನಮಾಲಾ