ಬಾರದವರ ತಟ್ಟೆ

ಬೇಕರಿಯ ಮೇಲಿನ ಮನೆ,
ತಾರೀಕು ೧೪, ಗುರುವಾರ, ಮಧ್ಯಾಹ್ನದ ಬನ್ನು ಒಲೆಗೆ ಹೋದ ಮೇಲೆ

ಪ್ರೀತಿಯ ಮಗಳೇ,

ಹೇಗಿದ್ದೀಯಾ? ಆ ಧೂಳಿಗೆ ಹಿಡಿದಿದ್ದ ಕೆಮ್ಮು ಬಿಟ್ಟಿತಾ? ಡೇರೆಯೊಳಗೆ ರಾತ್ರಿ ನಿದ್ದೆ ಬರುತ್ತದೆಯಾ? ನನ್ನ ಮಂಡಿ ಹಾಗೇ ಇದೆ. ನಮ್ಮ ಹಿಟ್ಟು ನಾದುವ ಯಂತ್ರಕ್ಕೂ ನನಗೂ ಯಾರು ಹೆಚ್ಚು ಕಿರುಗುಟ್ಟುತ್ತೇವೆ ಎಂಬ ಪೈಪೋಟಿ ನಡೆದಿದೆ, ಸದ್ಯಕ್ಕೆ ನಾನೇ ಮುಂದೆ. ನಿನ್ನ ಗಂಡ ವ್ಯಾನಿನಲ್ಲಿ ಅಂಗಡಿಗಳಿಗೆ ಬ್ರೆಡ್ಡು ಹಾಕಿ ಬರುತ್ತಾನೆ. ಅವನ ಮಾತು ಮೊದಲೇ ಕಡಿಮೆ, ಈಗಂತೂ ತುಟಿ ಪಿಟಕ್ಕೆನ್ನುವುದಿಲ್ಲ. ನೋಡು, ನಮ್ಮ ಪುಟ್ಟಿ ಬಟಾಣಿಯ ವಿಷಯ ಬರೆಯಬೇಕೆಂದೇ ಕೂತವನು ಊರೆಲ್ಲ ಸುತ್ತುತ್ತಿದ್ದೇನೆ. ಗಾಬರಿಯಾಗಬೇಡ, ನಿನ್ನ ಮಗಳು ಮನೆಯಲ್ಲೇ ಇದ್ದಾಳೆ, ಪಕ್ಕದ ಕೋಣೆಯಲ್ಲಿ ಮಲಗಿದ್ದಾಳೆ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಶಿಬಿರದ ಫೋನು ಅರ್ಧ ಮಾತಿಗೇ ಸತ್ತುಹೋಗುತ್ತದೆ, ಅದೂ ಅಲ್ಲದೆ ನಾನು ಫೋನು ಹಿಡಿದರೆ ಅವಳು ಮಗ್ಗುಲಿಗೇ ಬಂದು ನಿಲ್ಲುತ್ತಾಳೆ. ನಿಮ್ಮಲ್ಲಿಗೆ ಔಷಧಿ ತರುವ ಹುಡುಗ ಇವತ್ತು ಸಂಜೆ ವಿಮಾನ ಹತ್ತುತ್ತಾನಂತೆ, ಅವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಹಸಿದ ಮಕ್ಕಳಿಗೆ ಬಡಿಸಲು ಆ ಶಿಬಿರಕ್ಕೆ ನೀನು ಹೊರಡುವ ಮುಂಚೆ ಈ ಮನೆಗೊಂದು ಪದ್ಧತಿ ಹಾಕಿಕೊಟ್ಟೆ. ಊಟದ ಮೇಜಿನ ಮೇಲೆ ಒಂದು ತಟ್ಟೆ ಹೆಚ್ಚಿಗೆ ಇಡಬೇಕು. ಲೋಕದಲ್ಲಿ ಎಲ್ಲೋ ಉಣ್ಣದೆ ಮಲಗುವ ಮಗುವನ್ನು ನೆನೆದು, ನಾವು ಕೈ ಹಾಕುವ ಮುಂಚೆಯೇ ಒಬ್ಬೊಬ್ಬರೂ ಒಂದೊಂದು ತುತ್ತು ಅದಕ್ಕೆ ಎತ್ತಿಡಬೇಕು. ಊಟವಾದ ಮೇಲೆ ನಿನ್ನ ಗಂಡ ಅದರಲ್ಲಿದ್ದದ್ದನ್ನೂ, ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಬ್ರೆಡ್ಡನ್ನೂ ಬಸ್ ನಿಲ್ದಾಣದ ಹಿಂದೆ ಮಲಗುವವರಿಗೆ ಕೊಟ್ಟು ಬರಬೇಕು. ಬಾಯಲ್ಲಿ ಹೇಳಿದ ಪಾಠ ಮಕ್ಕಳ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೋಗುತ್ತೆ, ತಟ್ಟೆ ಕಣ್ಣ ಮುಂದಿದ್ದರೆ ಮರೆಯೋದಿಲ್ಲ ಎಂದು ನೀನೇ ಹೇಳಿದ್ದೆ. ಅದಕ್ಕೆ ಬಾರದವರ ತಟ್ಟೆ ಎಂದು ಹೆಸರಿಟ್ಟವಳೇ ಬಟಾಣಿ. ಅವಳು ನಿಜವಾಗಿಯೂ ಮರೆಯಲಿಲ್ಲ, ಮಗಳೇ. ಹೊಸ ಚಪ್ಪಲಿ ಬೇಡ, ಹಳೆಯದೇ ಹೊಲಿಸಿಕೊಡಿ ಎಂದಳು. ಇಬ್ಬರು ಹೊದೆಯುವಷ್ಟು ದೊಡ್ಡ ಕಂಬಳಿ ತನಗೊಬ್ಬಳಿಗೆ ಯಾಕೆ ಎಂದು ಕೇಳಿದಳು. ನಾನು ಗಲ್ಲಾಪೆಟ್ಟಿಗೆಯ ಮುಂದೆ ನಿಂತು ಬಂದ ಗಿರಾಕಿಗಳಿಗೆಲ್ಲ ಡಂಗುರ ಸಾರಿದೆ. ಟೈಲರಮ್ಮನಂತೂ ನನ್ನ ಮೊಮ್ಮಗಳ ಗುಣಗಾನ ಕೇಳಿ ಕೇಳಿ ಬನ್ನು ಬೇರೆ ಕಡೆ ಕೊಳ್ಳಲು ಶುರು ಮಾಡಿದಳೇನೋ.

ಒಂದು ತುತ್ತು ಎರಡಾಯಿತು, ಆಮೇಲೆ ಅರ್ಧ ತಟ್ಟೆಯಾಯಿತು. ನಾನು ಕೇಳಿದರೆ ಹೊಟ್ಟೆ ತುಂಬಿದೆ ತಾತಾ ಎನ್ನುತ್ತಿದ್ದಳು, ನಾನು ನಂಬುತ್ತಿದ್ದೆ. ದಿನವಿಡೀ ಬ್ರೆಡ್ಡಿನ ವಾಸನೆ ಕುಡಿಯುವ ಮನೆಯಲ್ಲಿ ಒಂದು ಮಗು ಹಸಿದಿರಬಹುದು ಎಂದು ಯಾರಿಗೆ ಹೊಳೆಯುತ್ತದೆ ಹೇಳು. ಶಾಲೆಯ ಡಬ್ಬಿ ಖಾಲಿಯಾಗಿ ಬರುತ್ತಿತ್ತು. ಅದನ್ನು ಖಾಲಿ ಮಾಡುತ್ತಿದ್ದವರು ಬೆಂಚಿನ ಮಿಕ್ಕ ಮಕ್ಕಳು ಎಂದು ಆಮೇಲೆ ಗೊತ್ತಾಯಿತು. ಅಂಗಿ ಭುಜದಿಂದ ಜಾರುತ್ತಿದ್ದದ್ದನ್ನು ನೋಡಿ ಹುಡುಗಿ ಉದ್ದವಾಗುತ್ತಿದ್ದಾಳೆ ಎಂದುಕೊಂಡೆ.

ಸೋಮವಾರ ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಸಾಲಿನಲ್ಲಿ ನಿಂತವಳು ನಿಂತಲ್ಲೇ ಬಿದ್ದಳು. ಶಾಲೆಯಿಂದ ಫೋನು ಬಂತು. ಒಲೆಯಲ್ಲಿ ಎರಡು ಟ್ರೇ ಬ್ರೆಡ್ಡು ಬಿಟ್ಟು, ಮೊಣಕೈವರೆಗೂ ಹಿಟ್ಟು ಮೆತ್ತಿದ ಕೈಯಲ್ಲೇ ಓಡಿದೆ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಗುವಿನ ತೋಳು ಹಿಡಿದು ನೋಡಿದರು, ಪಕ್ಕೆ ಮುಟ್ಟಿ ನೋಡಿದರು, ಎಷ್ಟೋ ವಾರಗಳಿಂದ ಸರಿಯಾಗಿ ಉಂಡಿಲ್ಲ ಎಂದರು. ಮನೆಯಲ್ಲಿ ಏನು ಕಷ್ಟ ಎಂದು ಮೆಲ್ಲಗೆ ಕೇಳಿದರು. ಬೇಕರಿ ಇದೆ ಎಂದೆ. ಅವರು ನನ್ನನ್ನು ನೋಡಿದ ನೋಟವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ನಿನ್ನ ಅಮ್ಮ ಇದ್ದಿದ್ದರೆ ಮೊದಲ ವಾರವೇ ಕಂಡುಹಿಡಿದು ನನ್ನ ಕಿವಿ ಹಿಂಡುತ್ತಿದ್ದಳು.

ನಿನ್ನೆ ಮನೆಗೆ ಕರೆತಂದೆವು. ಗ್ಲೂಕೋಸ್ ಬಾಟಲಿ ಏರಿಸಿದ್ದಕ್ಕೆ ಮುಖಕ್ಕೆ ಸ್ವಲ್ಪ ಕಳೆ ಬಂದಿತ್ತು, ಇನ್ನು ಉಣ್ಣುತ್ತಾಳೆ ಎಂದುಕೊಂಡೆ. ಇಲ್ಲ. ಆಮೆಯ ಆಕಾರದಲ್ಲಿ ಬನ್ನು ಸುಟ್ಟುಕೊಟ್ಟೆ, ಕಣ್ಣಿಗೆ ಒಣದ್ರಾಕ್ಷಿ ಇಟ್ಟಿದ್ದೆ. ಅದನ್ನು ದಿಂಬಿನ ಪಕ್ಕ ಮಲಗಿಸಿಕೊಂಡಳೇ ಹೊರತು ಮುರಿಯಲಿಲ್ಲ. ಹಾಲು ಎರಡು ಚಮಚ, ಅಷ್ಟೇ, ಅದೂ ನಿನ್ನ ಗಂಡ ಅವಳ ಮುಂದೆ ಅತ್ತ ಮೇಲೆ. ಬಾರದವರ ತಟ್ಟೆ ಇದ್ದರಲ್ಲವೇ ಈ ಗೋಳು ಎಂದು ಅದನ್ನು ಎತ್ತಿ ಅಟ್ಟಕ್ಕೆ ಹಾಕಿದೆ. ಅವಳು ತನ್ನ ತುಂಬಿದ ತಟ್ಟೆಯನ್ನೇ ಆ ಜಾಗಕ್ಕೆ ಸರಿಸಿ, ಕೈಕಟ್ಟಿ ಕೂತಳು. ಬೈಯಲು ಬಾಯಿ ತೆರೆದೆ. ಆಗ ಅವಳೇ ಕೇಳಿದಳು:

"ತಾತಾ, ನಾನು ತಿಂದ್ರೆ ಅಮ್ಮ ಅಲ್ಲಿ ಯಾರಿಗೆ ಕಡಿಮೆ ಹಾಕ್ಬೇಕು?"

ಲೋಕಕ್ಕೆಲ್ಲ ಒಂದೇ ಪಾತ್ರೆ, ಸೌಟು ನಿನ್ನ ಕೈಯಲ್ಲಿ ಎಂದುಕೊಂಡಿದೆ ಆ ಜೀವ. ನಾನು ತೊಡೆಯ ಮೇಲೆ ಕೂರಿಸಿಕೊಂಡು ನನಗೆ ತಿಳಿದಷ್ಟು ಹೇಳಿದೆ. ನಮ್ಮ ಗೋಧಿ ಬೇರೆ ಕಣಜದ್ದು, ನೀನು ಬಿಟ್ಟ ಬನ್ನಿಗೆ ರೆಕ್ಕೆ ಬಂದು ಅಲ್ಲಿಗೆ ಹಾರುವುದಿಲ್ಲ, ನೀನು ಗಟ್ಟಿಯಾಗಿ ಬೆಳೆದರೆ ತಾನೇ ನಾಳೆ ನಾಲ್ಕು ಜನಕ್ಕೆ ಬಡಿಸುವುದು ಎಂದೆ. ಎಲ್ಲಕ್ಕೂ ತಲೆಯಾಡಿಸಿದಳು. ಚಮಚ ಹತ್ತಿರ ಹೋದೊಡನೆ ಬಾಯಿ ಮುಚ್ಚಿಕೊಂಡಳು. ಭಾನುವಾರದೊಳಗೆ ತಾನಾಗಿ ತಿನ್ನದಿದ್ದರೆ ದೊಡ್ಡಾಸ್ಪತ್ರೆಗೆ ಸೇರಿಸಿ ಮೂಗಿನೊಳಗೆ ಕೊಳವೆ ಹಾಕಿ ಉಣಿಸಬೇಕಾಗುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಹೃದಯ ಸೋತುಬಿಡಬಹುದು ಎಂಬ ಮಾತನ್ನು ನಿನ್ನ ಗಂಡನಿಗೆ ಹೇಳಿದರು, ಅವನು ನನಗೆ ಹೇಳಲಿಲ್ಲ, ನಾನು ಬಾಗಿಲ ಹಿಂದಿನಿಂದ ಕೇಳಿಸಿಕೊಂಡೆ. ನನಗೆ ಹೆದರಿಕೆಯಾಗುತ್ತಿದೆ, ಮಗಳೇ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅವಳ ಪಕ್ಕ ಕೂತಿರುತ್ತೇನೆ. ಅವಳು ಅಲುಗದೆ ಮಲಗಿದರೆ ಮೂಗಿನ ಬಳಿ ಬೆರಳಿಟ್ಟು ನೋಡುತ್ತೇನೆ. ಇಷ್ಟು ವರ್ಷ ಒಲೆಯ ಮುಂದೆ ನಿಂತವನ ಬೆರಳು, ಅಷ್ಟು ಸಣ್ಣ ಬಿಸಿ ಅದಕ್ಕೆ ಬೇಗ ತಿಳಿಯುವುದಿಲ್ಲ. ತಿಳಿಯುವವರೆಗೆ ಬೆರಳು ತೆಗೆಯುವುದಿಲ್ಲ.

ನೀನು ಕಲಿಸಿದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ಪರರ ಹಸಿವು ತಿಳಿಯದೆ ಬೆಳೆದ ಮಕ್ಕಳನ್ನೂ ನಾನು ದಿನಾ ನೋಡುತ್ತೇನೆ, ಕೆನೆ ನೆಕ್ಕಿ ಕೇಕನ್ನು ಚರಂಡಿಗೆ ಎಸೆಯುತ್ತವೆ. ಆದರೆ ಕೊಡುವುದಕ್ಕೂ ಒಂದು ಅಳತೆ ಇದೆ ಎಂಬುದನ್ನು ಈ ಮಗುವಿಗೆ ನಾವ್ಯಾರೂ ಹೇಳಲಿಲ್ಲ. ನನ್ನ ಮಾತು ಅವಳ ಕಿವಿಗೆ ಹೋಗುತ್ತಿಲ್ಲ. ನಿನ್ನ ಮಾತು ಹೋಗುತ್ತದೆ. ಅವಳಿಗೆ ಎರಡು ಸಾಲು ಬರೆದು, ನಾಳಿದ್ದು ವಾಪಸು ಬರುವ ಇದೇ ಹುಡುಗನ ಕೈಯಲ್ಲಿ ಕಳಿಸು, ಅಥವಾ ಫೋನು ಹತ್ತುವ ಕಡೆಗೆ ನಡೆದುಕೊಂಡಾದರೂ ಹೋಗಿ ಮಾತಾಡು.

ನಿನ್ನ ಕೈಯಿಂದ ಉಣ್ಣುವ ಆ ಮಕ್ಕಳೆಲ್ಲ ನೂರು ಕಾಲ ಬಾಳಲಿ. ನೀನೂ ಚೆನ್ನಾಗಿರು, ತಾಯಿ.

ನಿನ್ನ
ಅಪ್ಪ

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಬಟಾಣಿ ಎದ್ದು ಬಂದಳು, ಹುಡುಗ ಕೆಳಗೆ ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಅಮ್ಮನಿಗೆ ಏನು ಬರೆದೆ ಎಂದು ಕೇಳಿದಳು, ಹೇಳಿದೆ. ಆಗ ದಿಂಬಿನ ಕೆಳಗಿಂದ ನೀನು ಹೋದ ತಿಂಗಳು ಕಳಿಸಿದ ಫೋಟೋ ತಂದು ನನ್ನ ತೊಡೆಯ ಮೇಲಿಟ್ಟಳು. "ಅಮ್ಮ ಊಟ ಮಾಡ್ತಿಲ್ಲ ತಾತಾ. ವಾಚು ನೋಡು, ಕೈ ಸಣ್ಣ ಆಗಿ ಮೊಣಕೈ ಹತ್ರ ಜಾರಿದೆ. ಅಮ್ಮಂಗೇ ಸಾಲ್ತಿಲ್ಲ, ಅದಕ್ಕೇ ನಾನು ಬಿಟ್ಟಿದ್ದು" ಎಂದಳು. ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಇಷ್ಟು ದಿನ ಆ ಫೋಟೋದಲ್ಲಿ ಸಾಲಿನಲ್ಲಿ ನಿಂತ ಮಕ್ಕಳನ್ನಷ್ಟೇ ನೋಡಿದ್ದೆ. ಸುಳ್ಳು ಬರೆಯಬೇಡ, ನಿನ್ನ ಉತ್ತರ ಓದುವುದು ಅವಳು. ಅಮ್ಮ ಎಷ್ಟು ತಿಂತಾಳೋ ಅಷ್ಟು ತಿಂತೀನಿ ಎಂದು ಮಾತು ಕೊಟ್ಟಿದ್ದಾಳೆ. ಮಗಳೇ, ನೀನು ಎಷ್ಟು ತಿನ್ನುತ್ತಿದ್ದೀಯಾ?