ಅಮ್ಮನ ಬೆಳಕು, ತಮ್ಮನ ಸಭೆ

ಸಭೆಯ ಮರುದಿನ, ಬೆಳಿಗ್ಗೆ

ನನ್ನ ಮುದ್ದಿನ ಅಕ್ಕಾ,

ನೀನು ಚೆನ್ನಾಗಿದ್ದೀಯೆಂದುಕೊಂಡು ನೇರವಾಗಿ ವಿಷಯಕ್ಕೆ ಬರುತ್ತೇನೆ. ನಿನ್ನೆ ನಮ್ಮ ತಮ್ಮ ತುಂಬಿದ ಸಭೆಯಲ್ಲಿ ಅಮ್ಮನ ಬಾಯಿ ಮುಚ್ಚಿಸಿದ.

ನಿನಗೆ ಗೊತ್ತೇ ಇದೆ, ಈ ಊರಿನಲ್ಲಿ ಯೇಸುವಿನ ಹೆಸರಿನಲ್ಲಿ ಜನ ಮೊದಲು ಸೇರಿದ್ದು ನೂಲಿಗೆ ಬಣ್ಣ ಹಾಕುವ ನಮ್ಮ ಮನೆಯಲ್ಲೇ. ಆಗ ಗುಡಿಯಿಲ್ಲ, ಗುರುವಿಲ್ಲ. ಹಂಡೆಗಳನ್ನು ಗೋಡೆಗೆ ಸರಿಸಿ, ತೂಗುಹಾಕಿದ ಒದ್ದೆ ನೂಲಿನ ಕೆಳಗೆ ಕೂತು ರೊಟ್ಟಿ ಮುರಿದು ಹಂಚಿಕೊಳ್ಳುತ್ತಿದ್ದೆವು. ಯಾರಿಗೆ ಒಳಗಿನಿಂದ ಮಾತು ಬಂತೋ ಅವರು ಆಡುತ್ತಿದ್ದರು. ಹೆಚ್ಚಾಗಿ ಬರುತ್ತಿದ್ದದ್ದು ಅಮ್ಮನಿಗೆ. ಹಂಡೆ ಕಲಕುವಾಗ ಕಂಡ ಬೆಳಕಿನ ಬಗ್ಗೆ ಅವಳು ಹೇಳುತ್ತಿದ್ದರೆ ಆ ಜಗಳಗಂಟ ಕುಂಬಾರನೂ ಮಗುವಿನಂತೆ ಅಳುತ್ತಿದ್ದ.

ಈಗ ತಮ್ಮನನ್ನು ಸಭೆಯ ಹಿರಿಯನನ್ನಾಗಿ ಆರಿಸಿದ್ದಾರೆ. ನಿನ್ನೆ ಅಮ್ಮ ಬಾಯಿ ತೆರೆದದ್ದೇ ತಡ, ಎದ್ದು ನಿಂತು, "ಸಾಕಮ್ಮ. ಇನ್ಮೇಲೆ ಮನಸ್ಸಿಗೆ ಬಂದಂಗೆ ಯಾರೂ ಮಾತಾಡೋ ಹಾಗಿಲ್ಲ. ಹಿರಿಯ ಹೇಳಿದ್ದಷ್ಟೇ ಬೋಧನೆ" ಎಂದ. ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಮುಂದಿನ ಸಭೆಯಲ್ಲಿ ಅಮ್ಮ ಎಲ್ಲರೆದುರು ನಿಂತು, ಕಂಡದ್ದೆಲ್ಲ ಭ್ರಮೆ ಎಂದು ಒಪ್ಪಿಕೊಳ್ಳಬೇಕಂತೆ. ಇಲ್ಲದಿದ್ದರೆ ಅವಳಿಗೆ ರೊಟ್ಟಿಯ ಪಾಲಿಲ್ಲವಂತೆ. ಆ ರೊಟ್ಟಿಯ ಹಿಟ್ಟು ನಾದುವವಳೇ ಅಮ್ಮ! ಕುಂಬಾರ ತಲೆ ತಗ್ಗಿಸಿದ.

ಅಮ್ಮ ಮಾತ್ರ, "ಕಂಡಿದ್ದನ್ನ ಕಂಡಿಲ್ಲ ಅಂತ ಹೇಗೋ ಹೇಳ್ಲಿ ಮಗಾ?" ಅಂದಳು. ನೀಲಿ ಹತ್ತಿದ ಕೈ ಒರೆಸಿಕೊಂಡು ಹಂಡೆಗಳ ಹತ್ತಿರ ಹೋಗಿ ಕೂತಳು. ತನ್ನ ಮನೆಯಲ್ಲೇ ಹೊರಗಿನವಳಾದಳು, ಅಕ್ಕಾ.

ನೀನು ಕೂಡಲೇ ಹೊರಟು ಬಾ. ಚಿಕ್ಕಂದಿನಲ್ಲಿ ಅವನ ಕಿವಿ ಹಿಂಡಿದವಳು ನೀನೇ, ನಿನಗಾದರೂ ಹೆದರಿಯಾನು.

ದಿಕ್ಕುತೋಚದೆ ಕೂತಿರುವ
ನಿನ್ನ ತಂಗಿ

ಇನ್ನೊಂದು ಮಾತು: ಪತ್ರ ಮಡಚುವಷ್ಟರಲ್ಲಿ ತಮ್ಮ ಹಿಂಬಾಗಿಲಿನಿಂದ ಬಂದ. ನಾನು ಬೈಯಬೇಕೆನ್ನುವಷ್ಟರಲ್ಲಿ ಅಮ್ಮನ ಕಾಲ ಬಳಿ ಕುಸಿದು ಅಳತೊಡಗಿದ. "ನಂಗೆ ಒಂದ್ಸಲಾನೂ ಏನೂ ಕಾಣ್ಲಿಲ್ಲಮ್ಮ. ಅಷ್ಟು ಜನರ ಮುಂದೆ ಏನಂತ ಹೇಳ್ಲಿ?" ಅಂದ. ಅಮ್ಮ ಅವನ ಮುಖ ಒರೆಸಿ, ತನಗೆ ಕಂಡದ್ದನ್ನೆಲ್ಲ ಹೇಳಿಕೊಡುತ್ತಿದ್ದಾಳೆ. ಅವನು ಬಾಯಿಪಾಠ ಮಾಡುತ್ತಿದ್ದಾನೆ. ಹಾಗಾದರೆ ನಿನ್ನೆ ಹೇಳಿದ್ದನ್ನು ಹಿಂತೆಗೆದುಕೊಳ್ಳುತ್ತೀಯಾ ಎಂದು ಕೇಳಿದೆ. ಅವನು ಅಮ್ಮನ ಕಡೆ ತಿರುಗಿ ಮುಂದಿನ ಮಾತು ಹೇಳಿಕೊಡೆಂದ. ಅಕ್ಕಾ, ನಾಳೆ ಅವನು ನಿಮ್ಮೂರಿಗೆ ಬೋಧಿಸಲು ಬಂದು ಜನ ಅತ್ತರೆ, ಅದು ಯಾರ ಮಾತೆಂದು ನಿನಗಾದರೂ ಗೊತ್ತಿರಲಿ.